ಕಾಣದ ತೇಪೆ

ಅಂಟಜ್ಜನ ಕೆಲಸವನ್ನು ಯಾರಾದರೂ ಹೊಗಳಿದರೆ ಅವನ ಮುಖ ಸಣ್ಣದಾಗುತ್ತಿತ್ತು. ಕೆಲಸ ಹೊಗಳುವವನ ಕಣ್ಣಿಗೆ ಬಿತ್ತಲ್ಲ ಎಂಬ ಸಂಕಟ. ಹರಿದ ಪುಟಕ್ಕೆ ತೇಪೆ ಹಾಕಿದರೆ, ಮಾರನೆಯ ದಿನ ಹಾಕಿದವನೇ ಅದು ಎಲ್ಲಿದೆಯೆಂದು ತಡಕಾಡಬೇಕು, ಅದು ಅವನ ಅಳತೆ. ನಲವತ್ತು ವರ್ಷ ಒಂದೇ ಬಾಗಿಲಿನ ಅಂಗಡಿಯಲ್ಲಿ ಕೂತು ಶಾಲೆಯ ಪುಸ್ತಕ, ಕೋರ್ಟಿನ ದಪ್ಪ ರಿಜಿಸ್ಟರು, ಬೆನ್ನು ಮುರಿದ ನಿಘಂಟು ಎಲ್ಲವನ್ನೂ ಹೊಲಿದು, ಅಂಟಿಸಿ, ರಟ್ಟು ಕಟ್ಟಿ ಕಳಿಸಿದ್ದ. ಅಂಟಜ್ಜ ಎಂದು ಹೆಸರಿಟ್ಟವರು ಆ ಬೀದಿಯ ಮಕ್ಕಳು. ಕೂದಲು ಕಪ್ಪಗಿದ್ದಾಗಲೇ ಅಜ್ಜನಾಗಿಬಿಟ್ಟದ್ದಕ್ಕೆ ಅವನಿಗೆ ಬೇಸರವೇನೂ ಇರಲಿಲ್ಲ.

ಅವನಿಗೆ ಇನ್ನೊಂದು ಹಠವಿತ್ತು. ಕಟ್ಟುವ ಪುಸ್ತಕವನ್ನು ಅವನು ಓದುತ್ತಿರಲಿಲ್ಲ. "ಬೈಂಡರ್ ಓದೋಕೆ ಕೂತ್ರೆ ಕಟ್ಟೋರ್ಯಾರು?" ಎನ್ನುತ್ತಿದ್ದ. ಅವನ ಕಣ್ಣು ಪುಟದ ಸಂಖ್ಯೆಗೆ ಹೋಗುತ್ತಿತ್ತು, ಅಂಚಿಗೆ ಹೋಗುತ್ತಿತ್ತು, ಅಕ್ಷರಕ್ಕೆ ಹೋಗುತ್ತಿರಲಿಲ್ಲ. ಊರಿನ ಎಷ್ಟೋ ಮನೆಗಳ ಜಗಳ, ವಿಚ್ಛೇದನ, ಪಾಲು ಅವನ ಬೆರಳ ಸಂದಿಯಲ್ಲಿ ಹಾದುಹೋಗಿದ್ದವು. ಒಂದೂ ಅವನಿಗೆ ಗೊತ್ತಿಲ್ಲ. ಅದೊಂದು ಬಗೆಯ ಮರ್ಯಾದೆ ಎಂದೇ ಅವನು ತಿಳಿದಿದ್ದ.

ಎರಡು ವರ್ಷದ ಹಿಂದೆ ನದಿಯ ಸೇತುವೆಯ ಮೇಲೆ ಬಾಂಬು ಸಿಡಿದು ಇಪ್ಪತ್ತೆರಡು ಜನ ಸತ್ತರು. ಆಚೆ ದಡದವರಲ್ಲಿ ಕೆಲವರು 'ನಮ್ಮ ದಾರಿ ನಮಗೆ' ಎನ್ನುತ್ತಿದ್ದ ಕಾಲ ಅದು. ಉಳಿದ ಬಹಳಷ್ಟು ಜನ ಏನೂ ಅನ್ನದೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಸತ್ತವರಲ್ಲಿ ಹೆಚ್ಚಿನವರು ಅಂಥವರೇ. ಅಂಟಜ್ಜ ಅವತ್ತು ಸೇತುವೆಯ ಬುಡದಲ್ಲಿದ್ದ. ಯಾರದೋ ಶಾಲೆಯ ಚೀಲದಿಂದ ಪುಸ್ತಕವೊಂದು ಹೊರಬಿದ್ದು, ಹೊಲಿಗೆ ಬಿಚ್ಚಿ, ಹಾಳೆಗಳು ಒಂದೊಂದಾಗಿ ನೀರಿಗೆ ಇಳಿಯುವುದನ್ನು ನೋಡಿದ್ದ. ಆಮೇಲೆ ಎಷ್ಟೋ ದಿನ ಶಾಲೆಯ ಪುಸ್ತಕಗಳನ್ನು ಎರಡೆಳೆ ದಾರದಲ್ಲಿ ಹೊಲಿಯುತ್ತಿದ್ದ.

ಅದಾಗಿ ಐಕ್ಯ ರಕ್ಷಣೆಯ ಕಾನೂನು ಬಂತು. ಅದರ ಹಿಂದೆ ಐಕ್ಯ ಇಲಾಖೆ ಬಂತು. ಇಲಾಖೆಯ ಸಾಹೇಬರು ಒಂದು ದಿನ ತಾವೇ ಅಂಗಡಿಗೆ ಬಂದು, ಮುರುಕು ಸ್ಟೂಲಿನ ಮೇಲೆ ಕೂತು, ಸೌಜನ್ಯದಿಂದಲೇ ಮಾತಾಡಿದರು.

"ನೀವು ಪುಟ ಹೊಲೀತೀರಿ, ನಾವು ನಾಡು ಹೊಲೀತಾ ಇದ್ದೀವಿ. ನಿಮ್ಮಂಥ ಕೈ ಬೇಕು ನಮಗೆ."

ನದಿ ದಾಟುವ ಪ್ರತಿಯೊಂದು ಕಾಗದವನ್ನೂ ಬಿಚ್ಚಿ, ಓದಿ, ಬಿಚ್ಚಿದ ಗುರುತೇ ಇಲ್ಲದಂತೆ ಮತ್ತೆ ಮುಚ್ಚಬೇಕು. ಓದುವವರು ಬೇರೆ ಇದ್ದಾರೆ. ಅಂಟಜ್ಜನದು ಬಿಚ್ಚುವುದು, ಮುಚ್ಚುವುದು ಅಷ್ಟೇ.

"ನಾನು ಓದಲ್ಲ ಸಾರ್," ಎಂದ ಅಂಟಜ್ಜ.

"ಅದಕ್ಕೇ ನಿಮ್ಮನ್ನ ಹುಡುಕ್ಕೊಂಡು ಬಂದಿದ್ದು," ಎಂದರು ಸಾಹೇಬರು.

ಹೀಗೆ ಅವನು ಅಂಚೆ ಕಚೇರಿಯ ಹಿಂದಿನ ಕೋಣೆ ಸೇರಿದ. ಮೊದಲು ಪಾರ್ಸೆಲ್ ಇಡುತ್ತಿದ್ದ ಕೋಣೆ ಅದು. ಕಿಟಕಿಯ ಗಾಜಿಗೆ ಬಿಳಿ ಬಣ್ಣ ಬಳಿದಿದ್ದರು. ಮೇಜಿನ ಮೇಲೆ ಆವಿ ಹಿಡಿಯಲು ಒಂದು ಕೆಟಲ್, ಗಂಜಿಯಂತೆ ಕುದಿಸಿದ ಮೈದಾ ಅಂಟು, ಮಡಿಕೆ ತೀಡಲು ಅವನದೇ ಹಳೆಯ ಮೂಳೆಯ ಪಟ್ಟಿ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ತೇಪೆ ಕಾಗದ. ಎದುರಿಗೆ ಮೂರು ತಟ್ಟೆ: ಬಿಚ್ಚಬೇಕಾದ್ದು, ಮುಚ್ಚಬೇಕಾದ್ದು, ಹಾಳಾದದ್ದು. ನೆಂದೋ ಹರಿದೋ ಓದಲಾಗದಂತೆ ಬಂದ ಕಾಗದ ಮೂರನೆಯ ತಟ್ಟೆಗೆ ಹೋಗಬೇಕು. ಅದರ ಮೇಲೆ 'ಹಾನಿಗೊಂಡಿದೆ' ಎಂಬ ಮುದ್ರೆ ಬಿದ್ದು ಅದು ನೇರವಾಗಿ ಮನೆ ಸೇರುತ್ತಿತ್ತು. ಯಾರೂ ಓದುತ್ತಿರಲಿಲ್ಲ.

ಓದುವ ಕೋಣೆ ಗೋಡೆಯಾಚೆ ಇತ್ತು. ಅಲ್ಲಿನ ಹಿರಿಯಳನ್ನು ಎಲ್ಲರೂ ಓದೋ ಮೇಡಂ ಎನ್ನುತ್ತಿದ್ದರು. ಸದಾ ಬಾಯಲ್ಲೊಂದು ಲವಂಗ, ನಗುವ ಕಣ್ಣು. "ಅಂಟಜ್ಜಾ, ಎರಡೂ ದಡದ ಅತ್ತೆ ಸೊಸೆ ಜಗಳ ನನಗೆ ಬಾಯಿಪಾಠ. ದೇಶ ಒಡೀತಿರೋದು ಇಲ್ಲೇ ಅಂತ ವರದಿ ಬರೀಲಾ ಅಂತಿದ್ದೀನಿ," ಎನ್ನುತ್ತಿದ್ದಳು. ಅಂಟಜ್ಜ ನಗುತ್ತಿದ್ದ. ಕೆಟ್ಟ ಹೆಂಗಸೇನಲ್ಲ. ಆ ಕಟ್ಟಡದಲ್ಲಿ ಕೆಟ್ಟವರೆಂದು ಬೆರಳಿಟ್ಟು ತೋರಿಸಬಹುದಾದವರು ಅವನಿಗೆ ಯಾರೂ ಕಾಣಲಿಲ್ಲ.

ಮನೆಯಲ್ಲಿ ಅವನು ಹೇಳಿದ್ದು ಬೇರೆ. "ಅಂಚೆ ಕಚೇರಿ ಹಳೇ ರಿಜಿಸ್ಟರು ರಿಪೇರಿ ಮಾಡ್ತಿದ್ದೀನಿ," ಎಂದಿದ್ದ ಮಗಳಿಗೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಅವರಿಬ್ಬರೇ. ಮಗಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಉಜ್ಜಿ ಬಂದ ಗಾಜನ್ನು ಬೆಳಕಿಗೆ ಹಿಡಿದು, ಕೂದಲೆಳೆಯಷ್ಟು ಗೀರು ಇದ್ದರೂ ಹಿಂದಕ್ಕೆ ಕಳಿಸುವುದು ಅವಳ ಕೆಲಸ. ಅಳಿಯ ಆಚೆ ದಡದ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು. ಮದುವೆಯಾಗಿ ಏಳು ತಿಂಗಳಿಗೆ ಅವನನ್ನು ಅಲ್ಲಿಗೆ ವರ್ಗ ಮಾಡಿದ್ದರು. ಬಾಂಬು ಸಿಡಿದು ಸೇತುವೆ ಮುಚ್ಚಿದ ಮೇಲೆ ರಜೆಗೂ ಬರಲಾಗಲಿಲ್ಲ. ವಾರಕ್ಕೊಂದು ಕಾಗದ ಬರುತ್ತಿತ್ತು. ಬಹಳ ತಮಾಷೆಯ ಮನುಷ್ಯ. "ಮಾವ, ನಿಮ್ಮ ಅಂಟು ತಿಂದು ನಮ್ಮನೆ ಜಿರಲೆಗಳೆಲ್ಲ ಒಂದೇ ಕಡೆ ನಿಂತು ರಾಷ್ಟ್ರಗೀತೆ ಹಾಡ್ತಿವೆ," ಎಂದು ಒಮ್ಮೆ ಹೇಳಿ, ಅಂಟಜ್ಜನನ್ನು ಕಣ್ಣಲ್ಲಿ ನೀರು ಬರುವಷ್ಟು ನಗಿಸಿದ್ದ.

ಅಳಿಯನ ಕಾಗದವೂ ಅಂಟಜ್ಜನ ಮೇಜಿಗೇ ಬರುತ್ತಿತ್ತು. ಎಲ್ಲವನ್ನೂ ಬಿಚ್ಚಿದಂತೆ ಅದನ್ನೂ ಬಿಚ್ಚಿ, ಕಣ್ಣು ಬೇರೆ ಕಡೆ ತಿರುಗಿಸಿ ಗೋಡೆಯಾಚೆ ಕೊಡುತ್ತಿದ್ದ. ಗಂಡ ಹೆಂಡತಿಗೆ ಬರೆದದ್ದರಲ್ಲಿ ಏನಿರುತ್ತೆ? ಬಿಚ್ಚುವ ಕೈ ನನ್ನದೇ ಆದರೆ ಅಷ್ಟರಮಟ್ಟಿಗೆ ಕಾಗದಕ್ಕೆ ನೋವಾಗುವುದಿಲ್ಲ. ಹೀಗೆಲ್ಲ ಅಂದುಕೊಳ್ಳುತ್ತಿದ್ದ. ಸಂಜೆ ಮಗಳು ಅದೇ ಕಾಗದವನ್ನು ಎರಡನೆಯ ಸಲ ಓದುತ್ತಾ ತನ್ನಷ್ಟಕ್ಕೆ ನಗುವಾಗ ಅವನು ಎದ್ದು ಒಲೆಯ ಕಡೆ ಹೋಗಿಬಿಡುತ್ತಿದ್ದ.

ಮಳೆ ಜೋರಾಗಿದ್ದ ಒಂದು ಮಂಗಳವಾರ ಅಂಚೆ ಚೀಲವೊಂದು ನೀರಲ್ಲಿ ಅದ್ದಿದಂತೆ ಬಂತು. ಅಂಟಜ್ಜ ಲಕೋಟೆಗಳನ್ನು ಒಂದೊಂದಾಗಿ ಬಿಡಿಸಿ ಹಗ್ಗಕ್ಕೆ ತೂಗುಹಾಕಿದ. ಹನ್ನೊಂದು ಮೂರನೆಯ ತಟ್ಟೆಗೆ ಹೋದವು. ಹನ್ನೆರಡನೆಯದರ ಮೇಲೆ ಅಳಿಯನ ದುಂಡು ಅಕ್ಷರವಿತ್ತು. ಒಳಗಿನ ಹಾಳೆ ಮಡಿಕೆಯುದ್ದಕ್ಕೂ ಬಿರಿದು ಎರಡಾಗಿತ್ತು. ಹರಿದ ಜಾಗದಲ್ಲಿ ಕಾಗದ ಮೆದುವಾಗಿ ಎಳೆಎಳೆಯಾಗಿ, ನಡುವಿನ ಸಾಲು ಮೇಲರ್ಧ ಒಂದು ತುಂಡಿನಲ್ಲಿ, ಕೆಳಗರ್ಧ ಇನ್ನೊಂದರಲ್ಲಿ ನೇತಾಡುತ್ತಿತ್ತು.

ಅವನ ಕೈ ಮೂರನೆಯ ತಟ್ಟೆಯ ಕಡೆಗೇ ಹೋಗಿತ್ತು. ಅಲ್ಲೇ ನಿಂತಿತು.

ಮೂರು ವಾರದಿಂದ ಮಗಳಿಗೆ ಕಾಗದ ಬಂದಿರಲಿಲ್ಲ. ಬಂದ ಒಂದೂ ಹೀಗೆ ಚಿಂದಿಯಾಗಿ, 'ಹಾನಿಗೊಂಡಿದೆ' ಎಂಬ ಮುದ್ರೆ ಹೊತ್ತು ಮನೆಗೆ ಹೋಗಬೇಕೆ? ಅವಳು ಎರಡು ತುಂಡನ್ನು ಎರಡು ಕೈಯಲ್ಲಿ ಹಿಡಿದು ನಿಲ್ಲುವುದು ಅವನ ಕಣ್ಣಿಗೆ ಕಟ್ಟಿತು. ನಲವತ್ತು ವರ್ಷ ಊರವರ ಹರುಕನ್ನೆಲ್ಲ ಕೂಡಿಸಿದ ಕೈ, ಸ್ವಂತ ಮಗಳ ಕಾಗದ ಹರಿದಿರುವಾಗ ಸುಮ್ಮನಿರುವುದಾದರೂ ಹೇಗೆ? ಅಂಟಜ್ಜ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ.

ಅಂಥ ಕೆಲಸವನ್ನು ಅವನು ಜೀವಮಾನದಲ್ಲಿ ಮಾಡಿರಲಿಲ್ಲ. ತೆಳುಕಾಗದವನ್ನು ಕತ್ತರಿ ಮುಟ್ಟಿಸದೆ ಕೈಯಲ್ಲೇ ಹರಿದ, ಅಂಚು ಎಳೆಯೊಡೆದು ಮೂಲ ಹಾಳೆಯಲ್ಲಿ ಸೇರಿಹೋಗಲಿ ಎಂದು. ಅಂಟನ್ನು ನೀರಿನಷ್ಟು ತೆಳ್ಳಗೆ ಮಾಡಿದ. ಸೂಜಿಯ ತುದಿಯಲ್ಲಿ ಒಂದೊಂದು ಎಳೆಯನ್ನೂ ಅದರ ಜೊತೆಯ ಎಳೆಗೆ ತಂದಿಟ್ಟ. ಅಕ್ಷರದ ಮೇಲರ್ಧ ಕೆಳಗರ್ಧದ ಮೇಲೆ ಬಂದು ಕೂತಿತು. ಅವನು ನೋಡಿದ್ದು ಗೆರೆಗಳನ್ನು ಮಾತ್ರ, ಕೊಂಡಿಗೆ ಕೊಂಡಿ, ಸೊನ್ನೆಗೆ ಸೊನ್ನೆ. ಯಾವ ಅಕ್ಷರ ಎಂದು ನೋಡಲಿಲ್ಲ. ಕೊನೆಯಲ್ಲಿ ತೇಪೆಯ ತುದಿಯನ್ನು ಹೆಬ್ಬೆರಳ ಉಗುರಿನಿಂದ ಗುಂಡಗೆ ತೀಡಿದ. ಅದು ಅವನ ಹಳೆಯ ಅಭ್ಯಾಸ. ಮೂಲೆ ಚೂಪಾಗಿದ್ದರೆ ಅಲ್ಲಿಂದಲೇ ತೇಪೆ ಏಳುತ್ತದೆ. ಎರಡು ಗಂಟೆ ಹಿಡಿಯಿತು. ಒಣಗಿದ ಮೇಲೆ ಹಾಳೆ ಯಾವತ್ತೂ ಹರಿದೇ ಇರಲಿಲ್ಲವೇನೋ ಎಂಬಂತಿತ್ತು. ಅವನು ಅದನ್ನು ಗೋಡೆಯಾಚೆ ಕೊಟ್ಟ.

ಮಾರನೆಯ ದಿನ ಕಾಗದ ಮನೆಗೆ ಬಂತು. ಮಗಳು ಓದಿದಳು. ಅವಳು ನಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ಹಾಳೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಅಂಗಡಿಯ ಅಭ್ಯಾಸ ಎಂದುಕೊಂಡ ಅಂಟಜ್ಜ.

"ಏನಂತೆ ಅಳಿಯಂದ್ರು?"

"ಚೆನ್ನಾಗಿದ್ದಾರಂತೆ," ಎಂದಳು. ಹಾಳೆ ಮಡಚುತ್ತಾ, "ಅಪ್ಪಾ, ನೀನು ರಿಜಿಸ್ಟರು ರಿಪೇರಿ ಮಾಡೋದು ಅಂಚೆ ಕಚೇರಿಯ ಯಾವ ಕೋಣೇಲಿ?"

"ಹಿಂದುಗಡೆ. ಯಾಕೆ ಪುಟ್ಟಿ?"

"ಸುಮ್ನೆ."

ಒಂಬತ್ತು ದಿನ ಕಳೆದವು. ಹತ್ತನೆಯ ದಿನ ಸಾಹೇಬರು ಅಂಟಜ್ಜನ ಕೋಣೆಗೆ ಬಂದು ಅವನ ಕೈ ಹಿಡಿದು ಕುಲುಕಿದರು. ಹಿಂದೆ ಓದೋ ಮೇಡಂ ನಿಂತಿದ್ದಳು.

"ಏನು ಕೈ ರೀ ನಿಮ್ದು! ಆ ನೆನೆದ ಕಾಗದ ಕೂಡಿಸಿದ್ರಲ್ಲ, ನಮ್ಮೋರು ಯಾರೂ ಆ ಸಾಲು ಓದೋಕೆ ಆಗ್ತಿರಲಿಲ್ಲ. ಮಡಿಕೆ ಮೇಲೇ ಇತ್ತು. 'ಕರ್ಕೊಂಡು ಹೋದ ಹದಿಮೂರು ಮಕ್ಕಳ ಹೆಸರು ಬರೆದಿಟ್ಟಿದ್ದೀನಿ, ಶಾಲೆ ಗಡಿಯಾರದ ಹಿಂದೆ' ಅಂತ. ಹೋಗಿ ಗಡಿಯಾರ ಇಳಿಸಿದ್ರು, ಪಟ್ಟಿ ಸಿಕ್ತು. ಪತ್ರಿಕೆಯವರಿಗೆ ಕೊಡೋಕೆ ಇಟ್ಟಿದ್ದನಂತೆ, ಮೇಷ್ಟ್ರು."

"ಮೇಷ್ಟ್ರು?" ಎಂದ ಅಂಟಜ್ಜ.

"ಒಳಗೆ ಹಾಕಿದ್ದಾರೆ. ಎಲ್ಲಿ ಅಂತ ನಮಗೂ ಹೇಳಲ್ಲ." ಅವರು ಅವನ ಹೆಗಲು ತಟ್ಟಿದರು. "ಹೀಗೇ ಮಾಡ್ತಾ ಇರಿ."

ಓದೋ ಮೇಡಂ ಲವಂಗ ಜಗಿಯುವುದನ್ನು ನಿಲ್ಲಿಸಿ ಅಂಟಜ್ಜನ ಮುಖ ನೋಡುತ್ತಿದ್ದಳು. ವಿಳಾಸ ಓದಿದ್ದವಳು ಅವಳೇ. ಅವನ ಮನೆಯ ಬೀದಿ ಅವಳಿಗೆ ಗೊತ್ತಿತ್ತೋ ಇಲ್ಲವೋ. ಸಾಹೇಬರ ಹಿಂದೆಯೇ ಹೊರಟುಹೋದಳು.

ಅಂಟಜ್ಜ ಅವತ್ತು ಮನೆಯಲ್ಲಿ ಬಾಯಿಬಿಡಲಿಲ್ಲ. ಮಾರನೆಯ ದಿನವೂ ಇಲ್ಲ. ನಾಲಿಗೆಯ ತುದಿಗೆ ಬಂದ ಮಾತನ್ನು ಅನ್ನದ ತುತ್ತಿನ ಜೊತೆ ನುಂಗುತ್ತಾ ಹನ್ನೆರಡು ದಿನ ಕಳೆದ. ಅಷ್ಟರಲ್ಲಿ ಮಗಳು ಬರೆದ ಎರಡು ಕಾಗದ 'ವಿಳಾಸದಾರರು ಇಲ್ಲ' ಎಂಬ ಮುದ್ರೆಯೊಂದಿಗೆ ಹಿಂದಿರುಗಿದವು. ಅಳಿಯನ ಶಾಲೆಯ ಜವಾನನೊಬ್ಬ ಆಸ್ಪತ್ರೆಯ ಚೀಟಿ ಹಿಡಿದು ಹೇಗೋ ನದಿ ದಾಟಿ ಬಂದವನು, ಕನ್ನಡಕದ ಅಂಗಡಿಗೆ ಬಂದು ಅವಳಿಗೆ ಎಲ್ಲ ಹೇಳಿ ಹೋದ.

ಭಾನುವಾರ ಬೆಳಿಗ್ಗೆ ಮಗಳು ಅವನನ್ನು ಕಿಟಕಿಯ ಹತ್ತಿರ ಕರೆದಳು. ಕಾಗದವನ್ನು ಗಾಜಿಗೆ ಒತ್ತಿ ಹಿಡಿದಿದ್ದಳು. ಬಿಸಿಲು ಹಾಳೆಯನ್ನು ತೂರಿ ಬರುತ್ತಿತ್ತು.

"ಇದೇನು ಹೇಳಪ್ಪ."

"ಕಾಗದ."

"ಕಾಗದದ ಮೇಲೆ?"

ಅಂಟಜ್ಜ ನೋಡಿದ. ಮಡಿಕೆಯುದ್ದಕ್ಕೂ ಮಂಜಿನಂಥ ಒಂದು ಪಟ್ಟಿ. ಬೇರೆ ಯಾರಿಗೂ ಕಾಣುವಂಥದ್ದಲ್ಲ.

"ಮೂರನೇ ಕ್ಲಾಸಲ್ಲಿ ನನ್ನ ಪುಸ್ತಕ ಮಳೇಲಿ ನೆಂದಾಗ ಹಿಂಗೇ ಹಾಕಿದ್ದೆ ನೀನು. ಕತ್ತರೀಲಿ ಕತ್ತರಿಸಬಾರದು, ಕೈಯಲ್ಲೇ ಹರೀಬೇಕು ಅಂತ ಹೇಳಿಕೊಟ್ಟಿದ್ದೆ. ತುದೀಲಿ ಉಗುರಿನ ಗುಂಡು ನೋಡು. ಈ ಭೂಮಿ ಮೇಲೆ ಇನ್ಯಾರು ಹಾಕ್ತಾರೆ ಇದನ್ನ?" ಅವಳ ದನಿ ಏರಲಿಲ್ಲ. "ಶಾಲೆಗೆ ಬಂದೋರು ಯಾರನ್ನೂ ಏನೂ ಕೇಳಲಿಲ್ವಂತೆ. ನೇರ ಗಡಿಯಾರದ ಹತ್ರ ಹೋದ್ರಂತೆ."

"ನೆನೆದು ಹರಿದು ಹೋಗಿತ್ತು ಪುಟ್ಟಿ. ನಿನ್ನ ಕೈಗೆ ಇಡಿಯಾಗಿ ಸೇರ್ಲಿ ಅಂತ... ನಾನು ಓದಲ್ಲ. ನಿಮ್ಮಮ್ಮನಾಣೆ, ಒಂದಕ್ಷರ ಓದಿಲ್ಲ."

"ಓದಿದ್ದಿದ್ರೆ ಅಂಟಿಸ್ತಿರಲಿಲ್ಲ," ಎಂದಳು ಮಗಳು.

ಅಂಟಜ್ಜನಿಗೆ ಏನಾದರೂ ಹೇಳಬೇಕಿತ್ತು. "ಸೇತುವೆ ಮೇಲೆ ಇಪ್ಪತ್ತೆರಡು ಜನ ಸತ್ರು. ನಾನು ಕಣ್ಣಾರೆ ನೋಡಿದ್ದೀನಿ. ನಾಡು ಒಟ್ಟಿಗಿರ್ಲಿ ಅಂತಲೇ..."

"ಆ ಇಪ್ಪತ್ತೆರಡು ಜನಕ್ಕೆ ನಮ್ಮನೆಯವರೂ ಅತ್ತಿದ್ರು. ಶಾಲೇಲಿ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಸತ್ತವರ ಹೆಸರು ಓದಿಸಿದ್ರು. ಒಟ್ಟಿಗಿರೋದು ಬೇರೆ, ಅಂಟಿಸಿಡೋದು ಬೇರೆ. ಅದು ನನಗಿಂತ ಚೆನ್ನಾಗಿ ನಿಮಗೆ ಗೊತ್ತು."

'ನಿಮಗೆ' ಎಂದಳು. ಮಾತು ಕಲಿತಂದಿನಿಂದ ಅವಳು ಅಪ್ಪನನ್ನು ಬಹುವಚನದಲ್ಲಿ ಕರೆದದ್ದಿಲ್ಲ.

ಅಲ್ಲಿಂದಾಚೆ ಆ ಮನೆಯಲ್ಲಿ ಮಾತು ನಿಂತಿತು. ಜಗಳವಿರಲಿಲ್ಲ, ಪಾತ್ರೆಯ ಸದ್ದೂ ಜೋರಾಗಿರಲಿಲ್ಲ. "ಊಟ ಇಟ್ಟಿದೆ," "ನೀರು ಕಾದಿದೆ," "ಬೀಗದ ಕೈ ಮೊಳೆಯಲ್ಲಿದೆ," ಇಷ್ಟೇ. ಯಾರಿಗೆ ಹೇಳುತ್ತಿದ್ದೇನೆ ಎಂಬುದೇ ಇಲ್ಲದ ಮಾತುಗಳು. ಗೋಡೆಗೆ ಹೇಳಿದರೂ ಸಲ್ಲುತ್ತಿದ್ದವು.

ಕೆಲಸಕ್ಕೆ ಹೋಗುವುದನ್ನು ಅವನು ಬಿಡಲಿಲ್ಲ. ಯಾಕೆಂದು ಅವನನ್ನೇ ಕೇಳಿದ್ದರೆ, ಅಳಿಯನ ಸುದ್ದಿ ಏನಾದರೂ ಬಂದರೆ ಆ ಮೇಜಿಗೇ ಬರಬೇಕಲ್ಲ ಎನ್ನುತ್ತಿದ್ದನೇನೋ. ಬಿಡುವ ಧೈರ್ಯ ಇರಲಿಲ್ಲ ಎಂಬುದೂ ನಿಜ. ಅಳಿಯನ ಸುದ್ದಿ ಬರಲಿಲ್ಲ. ಮುಂದಿನ ಸೋಮವಾರ ಮಗಳ ಲಕೋಟೆ ಬಂತು.

ಹೊರಗೆ ಗಂಡನ ಹೆಸರು, ಶಾಲೆಯ ವಿಳಾಸ. ಆತುರಕ್ಕೆ ಆವಿಯಲ್ಲಿ ಬೆರಳು ಸುಟ್ಟುಕೊಂಡ. ಒಳಗೆ ಒಂದು ಖಾಲಿ ಹಾಳೆ. ಹಿಂದೆಮುಂದೆ ತಿರುಗಿಸಿದ. ಏನೂ ಇರಲಿಲ್ಲ. ಬೆರಳಿಗೆ ತಗುಲಿದ ಕೂಡಲೇ ಕಾಗದ ಯಾವುದೆಂದು ಗೊತ್ತಾಯಿತು. ಅವನದೇ ಅಂಗಡಿಯದು. ದಪ್ಪ ಪುಸ್ತಕಗಳ ರಟ್ಟಿನ ಒಳಗೆ ಮೊದಲ ಪುಟಕ್ಕೂ ಮುಂಚೆ ಹಾಕುವ ಗಟ್ಟಿ ಬಿಳಿ ಹಾಳೆ. ಮದುವೆಯ ಹೊತ್ತಿಗೆ, ಕಾಗದ ಬರೆದುಕೊಳ್ಳಲಿ ಎಂದು ಅವನೇ ಒಂದು ಕಟ್ಟು ಕೊಟ್ಟಿದ್ದ. ಬಿಚ್ಚುವವರು ಯಾರೆಂದು ತಿಳಿದೇ ಹಾಕಿದ ಹಾಳೆ ಅದು. ಕಾಗದ ಯಾರಿಗೆ ಬಂದದ್ದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗೋಡೆಯಾಚೆ ಆ ಹಾಳೆ ದೊಡ್ಡ ಗದ್ದಲವನ್ನೇ ಎಬ್ಬಿಸಿತು. ದೀಪದ ಶಾಖಕ್ಕೆ ಹಿಡಿದರು. ಇಸ್ತ್ರಿ ಹಾಕಿದರು. ಏನೋ ಔಷಧ ಬಳಿದು ನೇರಳೆ ಮಾಡಿದರು. ಎರಡನೆಯ ವಾರವೂ ಖಾಲಿ ಹಾಳೆ, ಮೂರನೆಯ ವಾರವೂ. ಇಲಾಖೆ ಒಂದು ಫೈಲು ತೆರೆಯಿತು.

"ಸಾರ್, ಏನೂ ಬರೀದೇ ಇರೋದು ಯಾವ ಕಲಮಿನಲ್ಲಿ ಬರುತ್ತೆ?" ಎಂದು ಓದೋ ಮೇಡಂ ಕೇಳುವುದು ಅಂಟಜ್ಜನಿಗೆ ಕೇಳಿಸಿತು.

"ಬರೀದೇ ಇರೋದಕ್ಕೂ ಒಂದು ಕಾರಣ ಇರಬೇಕಲ್ರೀ."

"ನನ್ನ ಗಂಡ ಇಪ್ಪತ್ತು ವರ್ಷದಿಂದ ನನಗೆ ಏನೂ ಬರೆದಿಲ್ಲ ಸಾರ್. ಅವರದ್ದೂ ಒಂದು ಫೈಲ್ ತೆರೀಲಾ?"

ಸಾಹೇಬರು ನಗಲಿಲ್ಲ. ನಾಲ್ಕನೆಯ ಹಾಳೆ ಬಂದ ದಿನ ಅದನ್ನು ಅಂಟಜ್ಜನ ಮೇಜಿನ ಮೇಲಿಟ್ಟರು. ಸುಟ್ಟು ಕಂದಾಗಿತ್ತು, ಮೂಲೆ ಮುಟ್ಟಿದರೆ ಉದುರುತ್ತಿತ್ತು.

"ನಿಮ್ಮ ಮಗಳು ಅಂತ ಈಗ ಗೊತ್ತಾಯ್ತು. ಮೊದಲೇ ಹೇಳ್ಬೇಕಿತ್ತು ನೀವು. ಇರಲಿ. ಏನು ಸಂಕೇತ ಇದು ಅಂತ ಮನೇಲಿ ಕೇಳಿ ನೋಡಿ. ನೀವು ಕೇಳದಿದ್ರೆ ನಾವೇ ಕರೆಸಿ ಕೇಳ್ಬೇಕಾಗುತ್ತೆ. ಗುರುವಾರದ ತನಕ ಟೈಮಿದೆ."

"ಸಂಕೇತ ಏನಿಲ್ಲ ಸಾರ್. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅಷ್ಟೇ."

"ಅದಕ್ಕೆ ಅಂಚೆ ಚೀಟಿ ಯಾಕೆ ಬೇಕು?" ಎಂದರು ಸಾಹೇಬರು. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಬುಧವಾರ ಅಂಟಜ್ಜ ಬೇಗ ಎದ್ದು ತನ್ನ ಮುಚ್ಚಿದ ಅಂಗಡಿಗೆ ಹೋದ. ಕಪಾಟಿನಲ್ಲಿ ಕೆಂಪು ಬೈಂಡಿಂಗ್ ಬಟ್ಟೆಯ ಒಂದು ಸುರುಳಿ ಉಳಿದಿತ್ತು. ಕೋರ್ಟಿನ ರಿಜಿಸ್ಟರುಗಳ ಬೆನ್ನಿಗೆ ಹಾಕುವ ಒರಟು ಬಟ್ಟೆ ಅದು, ಬೀದಿಯ ಆ ತುದಿಯಿಂದಲೂ ಎದ್ದು ಕಾಣುವಂಥದ್ದು. ಅದನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದ. ಕತ್ತರಿಯಲ್ಲೇ ಕತ್ತರಿಸಿದ, ಮೂಲೆ ಚೂಪಾಗಿ.

ಆ ದಿನ ಅವನ ಮೇಜಿಗೆ ನೂರ ಅರವತ್ತಮೂರು ಕಾಗದ ಬಂದವು. ಓದಿ ಬಂದ ಪ್ರತಿಯೊಂದರ ಬಾಯಿಗೂ ಅಡ್ಡಲಾಗಿ ಕೆಂಪು ಪಟ್ಟಿ ಎಳೆದು, ದಪ್ಪಗೆ ಅಂಟು ಬಳಿದು ಒತ್ತಿದ. ಅಂಟು ಅಂಚಿನಿಂದ ಹೊರಗೆ ಉಕ್ಕಿತು. ಒರೆಸಲಿಲ್ಲ. ಬುಧವಾರ ಸಾಹೇಬರಿಗೆ ಮೀಟಿಂಗು. ಓದೋ ಮೇಡಂ ಒಮ್ಮೆ ಬಾಗಿಲಿಗೆ ಬಂದಳು, ಮೇಜಿನ ಮೇಲೆ ಕೆಂಪಗೆ ಹರಡಿದ್ದನ್ನು ನೋಡಿದಳು.

"ಅಂಟಜ್ಜಾ," ಎಂದಳು ಮೆಲ್ಲಗೆ, "ಇವತ್ತು ನಿಮ್ಮ ಕೆಲಸ ಕಾಣ್ತಿದೆ."

"ಕಾಣ್ಲಿ ಅಮ್ಮ."

ಅವಳು ಬಾಗಿಲನ್ನು ಹೊರಗಿನಿಂದ ಎಳೆದುಕೊಂಡು ಹೋದಳು. ಮಧ್ಯಾಹ್ನದ ಚೀಲ ಹೊತ್ತಿಗೆ ಸರಿಯಾಗಿ ಹೊರಟಿತು.

ಮಾರನೆಯ ದಿನ ಎರಡೂ ದಡದ ಬೀದಿಗಳಲ್ಲಿ ಜನ ಕೆಂಪು ಪಟ್ಟಿಯ ಲಕೋಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರಂತೆ. ಅದನ್ನು ಅಂಟಜ್ಜ ನೋಡಲಿಲ್ಲ. ಅಷ್ಟರಲ್ಲಿ ಅವನನ್ನು ಒಂದು ಕೋಣೆಯಲ್ಲಿ ಕೂರಿಸಿದ್ದರು. ಹೊಡೆಯಲಿಲ್ಲ. ಯಾರು ಹೇಳಿಕೊಟ್ಟರು, ಆಚೆ ದಡದ ಯಾವ ಗುಂಪು ಎಂದು ದಿನವೂ ಅದನ್ನೇ ಕೇಳಿದರು. ಮಗಳ ಖಾಲಿ ಹಾಳೆಗಳನ್ನು ಅವನ ಮುಂದೆ ಹರಡಿದರು.

"ಅದು ನನಗೆ ಬರೆದಿದ್ದು. ಅವಳಪ್ಪ ನಾನು. ನಾನೇ ಓದಿದ್ದೀನಿ, ಅದರಲ್ಲಿ ನಿಮಗೇನೂ ಇಲ್ಲ," ಎಂದ. "ಪಟ್ಟಿ ಹಾಕಿದ್ದು ನಾನು. ಬಿಚ್ಚಿದ ಕಡೆ ತೇಪೆ ಹಾಕೋದು ನನ್ನ ಕೆಲಸ, ಹಾಕಿದ್ದೀನಿ." ಪ್ರತಿ ದಿನ ಇಷ್ಟೇ ಹೇಳಿದ. ಹನ್ನೊಂದನೆಯ ದಿನ, ಮುದುಕನಿಗೆ ತಲೆ ಕೆಟ್ಟಿದೆ ಎಂದು ಬರೆದುಕೊಂಡು ಬಿಟ್ಟರು. ಮಗಳ ಫೈಲನ್ನೂ ಅದರ ಜೊತೆಗೇ ಮುಚ್ಚಿದರು.

ಆದರೆ ಇಲಾಖೆಗೆ ಅವನಿಂದ ಒಂದು ಪಾಠ ಸಿಕ್ಕಿತು. ತಿಂಗಳು ಕಳೆಯುವಷ್ಟರಲ್ಲಿ ಅವರೇ ಕೆಂಪು ಪಟ್ಟಿ ಅಚ್ಚು ಹಾಕಿಸಿದರು: 'ನಾಡಿನ ಐಕ್ಯಕ್ಕಾಗಿ ತೆರೆಯಲಾಗಿದೆ.' ಈಗ ಗುಟ್ಟಾಗಿ ಮುಚ್ಚುವ ತಾಪತ್ರಯವಿಲ್ಲ, ಅಂಥ ಕೈಯೂ ಬೇಡ. ಪಟ್ಟಿ ನೋಡಿದ ಜನ ಮನಸ್ಸಿನಲ್ಲಿದ್ದದ್ದನ್ನು ಬರೆಯುವುದನ್ನು ತಾವಾಗಿಯೇ ಬಿಟ್ಟರು. ನಾವು ಕ್ಷೇಮ, ನೀವು ಕ್ಷೇಮವೆಂದು ನಂಬಿದ್ದೇವೆ, ಹವೆ ಚೆನ್ನಾಗಿದೆ, ಇಷ್ಟೇ. ಆಮೇಲಾಮೇಲೆ ಅದೂ ಕಡಿಮೆಯಾಗಿ, ನದಿ ದಾಟುವ ಚೀಲ ಒಂದು ಕೈಯಲ್ಲಿ ಎತ್ತುವಷ್ಟು ಹಗುರವಾಯಿತು. ನಾಡು ಶಾಂತವಾಗಿದೆ ಎಂದು ವರದಿಯಾಯಿತು.

ಬಿಡುಗಡೆಯಾದ ದಿನ ಅಂಟಜ್ಜ ನಡೆದೇ ಮನೆಗೆ ಬಂದ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು. ಮಗಳು ಬಾಗಿಲು ತೆರೆದು ಅವನ ಕೈಯಿಂದ ಚೀಲ ತೆಗೆದುಕೊಂಡಳು. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಕಿಟಕಿಯ ಬಳಿ ಮೇಜು ಎಳೆದಿದ್ದಳು. ಮೇಜಿನ ಮೇಲೆ ಅಗಲವಾದ ತಟ್ಟೆ, ಉಗುರುಬೆಚ್ಚನೆಯ ನೀರು, ಅಂಗಡಿಯ ಹಳೆಯ ಸೂಜಿ, ಅಳಿಯನ ಕಾಗದ.

"ಬಿಚ್ಚಿಕೊಡು," ಎಂದಳು. "ಅವರ ಕೈಯಿಂದ ನನ್ನ ಹತ್ರ ಹೇಗೆ ಬರಬೇಕಿತ್ತೋ ಹಾಗೆ ಬೇಕು ನನಗೆ. ಹರಿದದ್ದು ಹರಿದ ಹಾಗೇ ಇರಲಿ."

ಅಂಟಜ್ಜ ಕೂತ. ತೇಪೆ ಬಿಡಿಸುವುದು ಹಾಕುವುದಕ್ಕಿಂತ ಕಷ್ಟ. ಮಡಿಕೆಯ ಮೇಲೆ ಹನಿ ಹನಿಯಾಗಿ ನೀರು ಬಿಟ್ಟು ಕಾದ. ಅಂಟು ಮೆತ್ತಗಾಗಬೇಕು, ಶಾಯಿ ಹರಡಬಾರದು. ಉಗುರಿನ ಗುಂಡು ಇದ್ದ ತುದಿ ಮೊದಲು ಎದ್ದಿತು. ಅದನ್ನು ಸೂಜಿಯಿಂದ ಹಿಡಿದು ಮೆಲ್ಲಗೆ ಎಳೆಯುತ್ತಾ ಹೋದ. ಅವನ ಜೀವಮಾನದ ಅತ್ಯುತ್ತಮ ಕೆಲಸ ಒದ್ದೆ ಎಳೆಯಾಗಿ ತಟ್ಟೆಯ ಅಂಚಿಗೆ ಬಂದು ಬಿತ್ತು. ಗಡಿಯಾರದ ಸಾಲು ಮತ್ತೆ ಎರಡಾಯಿತು.

"ಈಗ ಓದು," ಎಂದಳು ಮಗಳು.

"ನಾನು ಓದ..." ಎಂದವನು ಅಲ್ಲೇ ನಿಲ್ಲಿಸಿದ. ಕನ್ನಡಕ ಹಾಕಿಕೊಂಡ. ಜೀವನದಲ್ಲಿ ಮೊದಲ ಸಲ, ತನ್ನ ಕೈ ಹಾದುಹೋದ ಕಾಗದವನ್ನು ಮೇಲಿನಿಂದ ಓದತೊಡಗಿದ. ಇಲಾಖೆಯವರು ಮಕ್ಕಳನ್ನು ಕರೆದುಕೊಂಡು ಹೋದದ್ದು. ತರಗತಿಯಲ್ಲಿ ಹದಿಮೂರು ಜಾಗ ಖಾಲಿ ಇದ್ದದ್ದು, ಉಳಿದವರು ಆ ಜಾಗದಲ್ಲಿ ಕೂರಲು ಒಪ್ಪದಿದ್ದದ್ದು. ಹರಿದ ಸಾಲು ಬಂತು, ಎರಡು ತುಂಡನ್ನೂ ಹತ್ತಿರ ಹಿಡಿದು ಅದನ್ನೂ ಓದಿದ. ಅದರ ಕೆಳಗೆ ಇನ್ನೂ ನಾಲ್ಕು ಸಾಲಿತ್ತು.

"'ಮಾವನಿಗೆ ಹೇಳು,'" ಎಂದು ಓದಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

"ಓದಪ್ಪ. ನಿಲ್ಲಿಸಬೇಡ."

"'ಮಾವನಿಗೆ ಹೇಳು, ನಮ್ಮ ಶಾಲೆಯ ದೊಡ್ಡ ಭೂಪಟದ ಪುಸ್ತಕದ ಬೆನ್ನು ಮುರಿದಿದೆ. ಇಲ್ಲಿ ಒಬ್ಬ ಹೊಲಿಯುತ್ತೇನೆಂದ, ನಾನು ಕೊಡಲಿಲ್ಲ. ದಾರ ಬಿಗಿ ಎಳೆದು ಹಾಳೆ ಹರಿಯುವವರ ಪೈಕಿ ಅವನು. ಸೇತುವೆ ತೆರೆದ ದಿನ ನಾನೇ ಹೊತ್ತು ತರುತ್ತೇನೆ. ಅಲ್ಲಿಯ ತನಕ ಹಾಳೆಗಳನ್ನು ಒಂದೂ ಕಳೆಯದಂತೆ ಎತ್ತಿಟ್ಟಿರುತ್ತೇನೆ.'"

ಕಾಗದ ಅಷ್ಟಕ್ಕೇ ಮುಗಿದಿತ್ತು. ಅಂಟಜ್ಜ ಎರಡು ತುಂಡನ್ನೂ ಒಣಗಲೆಂದು ಕಿಟಕಿಯ ಕಟ್ಟೆಯ ಮೇಲೆ, ಒಂದಕ್ಕೊಂದು ತಾಗದಂತೆ, ಪಕ್ಕಪಕ್ಕದಲ್ಲಿ ಇಟ್ಟ. ಮಗಳು ತನ್ನ ಕುರ್ಚಿಯನ್ನು ಸ್ವಲ್ಪ ಸರಿಸಿದಳು, ಹಾಳೆಯ ಮೇಲೆ ನೆರಳು ಬೀಳದಿರಲಿ ಎಂದು. ಅವು ಒಣಗುವ ತನಕ ಇಬ್ಬರೂ ಅಲ್ಲೇ ಕೂತಿದ್ದರು.